ಕೂಡುವ ಲೆಕ್ಕದ ಏರಿಳಿತದಲ್ಲಿ ಛಲ ಕಾಣುತ್ತದೆಯೇ?

ಒಂದು ದೊಡ್ಡ ಹಾಳೆ. ಅದರ ತುಂಬ ಒಂಟಿ ಅಂಕಿಗಳು, ಸಾಲು ಸಾಲಾಗಿ: 7 4 9 3 8 6 5... ಕೆಲಸ ಇಷ್ಟೇ. ಅಕ್ಕಪಕ್ಕದ ಎರಡು ಅಂಕಿಗಳನ್ನು ಕೂಡಿ, ಬಂದ ಮೊತ್ತದ ಬಿಡಿ ಸ್ಥಾನದ ಅಂಕಿಯನ್ನಷ್ಟೇ ಅವುಗಳ ನಡುವೆ ಬರೆಯಬೇಕು. ಏಳು ನಾಲ್ಕು ಹನ್ನೊಂದು, ಒಂದು ಬರೆ. ನಾಲ್ಕು ಒಂಬತ್ತು ಹದಿಮೂರು, ಮೂರು ಬರೆ. ಒಂಬತ್ತು ಮೂರು ಹನ್ನೆರಡು, ಎರಡು. ನಿಮಿಷಕ್ಕೊಮ್ಮೆ ‘ಮುಂದಿನ ಸಾಲು’ ಎಂದು ಪರೀಕ್ಷಕರು ಕೂಗುತ್ತಾರೆ. ಎಲ್ಲಿದ್ದೀರೋ ಅಲ್ಲಿಗೇ ಬಿಟ್ಟು ಕೆಳಗಿನ ಸಾಲಿಗೆ ಹಾರಬೇಕು. ಹದಿನೈದು ನಿಮಿಷ ಹೀಗೆ, ಐದು ನಿಮಿಷ ಬಿಡುವು, ಮತ್ತೆ ಹದಿನೈದು ನಿಮಿಷ.

ಲೆಕ್ಕ ಸಣ್ಣ ಮಕ್ಕಳಿಗೂ ಬರುವಂಥದ್ದು. ನಿಮಗೆ ಗಣಿತ ಬರುತ್ತದೆಯೇ ಎಂದು ನೋಡುವುದು ಇಲ್ಲಿ ಯಾರ ಉದ್ದೇಶವೂ ಅಲ್ಲ. ಪ್ರತಿ ಸಾಲಿನಲ್ಲಿ ನೀವು ಎಲ್ಲಿಗೆ ನಿಂತಿರೋ ಆ ಚುಕ್ಕೆಗಳನ್ನೆಲ್ಲ ಕೊನೆಗೆ ಗೆರೆ ಎಳೆದು ಸೇರಿಸುತ್ತಾರೆ. ಹಾಳೆಯ ಮೇಲಿಂದ ಕೆಳಗೆ ಒಂದು ಅಂಕುಡೊಂಕು ಗೆರೆ ಮೂಡುತ್ತದೆ. ನೋಡುವುದು ಆ ಗೆರೆಯನ್ನು.

ಈ ಗೆರೆಯ ಮೂಲಪುರುಷ ಎಮಿಲ್ ಕ್ರೇಪೆಲಿನ್. ಮನೋರೋಗಗಳನ್ನು ವರ್ಗೀಕರಿಸಿದ ಜರ್ಮನ್ ವೈದ್ಯನೆಂದು ಆತನ ಹೆಸರು ಹೆಚ್ಚು ಪರಿಚಿತ. ಆದರೆ ಲೈಪ್‌ಜಿಗ್‌ನಲ್ಲಿ ಮನೋವಿಜ್ಞಾನಿ ವಿಲ್ಹೆಲ್ಮ್ ವುಂಟ್‌ನ ಪ್ರಯೋಗಶಾಲೆಯಲ್ಲಿ ಪಳಗಿದ ಆತನಿಗೆ ಜೀವನಪೂರ್ತಿ ಕಾಡಿದ ಇನ್ನೊಂದು ಪ್ರಶ್ನೆಯಿತ್ತು: ಒಂದೇ ಕೆಲಸವನ್ನು ಎಡೆಬಿಡದೆ ಮಾಡುವಾಗ ಮನಸ್ಸಿನೊಳಗೆ ಏನಾಗುತ್ತದೆ? 1902ರಲ್ಲಿ ಆತ ಇದಕ್ಕೆ ‘ಕೆಲಸದ ಗೆರೆ’ ಎಂದೇ ಹೆಸರಿಟ್ಟು ಬರೆದ. ಆತನ ಪ್ರಕಾರ ಆ ಗೆರೆ ಹಲವು ಬಲಗಳ ಜಗ್ಗಾಟದ ಫಲ. ಅಭ್ಯಾಸ ಮೇಲಕ್ಕೆ ಎತ್ತುತ್ತದೆ, ದಣಿವು ಕೆಳಕ್ಕೆ ಎಳೆಯುತ್ತದೆ. ಕೆಲಸಕ್ಕೆ ಮೈ ಒಗ್ಗುವುದು, ಕೈ ಬಿಸಿಯಾಗುವುದು ಬೇರೆ. ಇವೆಲ್ಲದರ ಜೊತೆ ‘ನೂಕುಬಲ’ ಎನ್ನಬಹುದಾದ ಒಂದಿದೆ: ಶುರುವಿನಲ್ಲಿ ಉಕ್ಕುವ ಹುರುಪು, ಮುಗಿಯುತ್ತ ಬಂದಾಗ ಮತ್ತೆ ಚಿಮ್ಮುವ ಹುರುಪು. ನಾವು ಆರಂಭಶೂರತ್ವ ಎಂದು ಮೂದಲಿಸುವುದನ್ನು ಆತ ಗೆರೆಯ ಒಂದು ಭಾಗವಾಗಿ ಗುರುತಿಸಿಟ್ಟ ಎನ್ನಬಹುದು.

ಮುಂದೆ ಜಪಾನಿನಲ್ಲಿ ಉಚಿದಾ ಯೂಜಾಬುರೊ ಇದನ್ನು ವ್ಯಕ್ತಿತ್ವ ಪರೀಕ್ಷೆಯಾಗಿ ರೂಪಿಸಿದರು. ಮೇಲೆ ಹೇಳಿದ ಹದಿನೈದು–ಐದು–ಹದಿನೈದರ ವಿಧಾನ ಅವರದು. ಜರ್ಮನಿಯಲ್ಲಿ ರಿಚರ್ಡ್ ಪೌಲಿ ಇನ್ನೂ ಕಠಿಣ ಮಾಡಿದರು: ಒಂದು ಗಂಟೆ ಪೂರ್ತಿ ಕೂಡುವುದು, ಮೂರು ನಿಮಿಷಕ್ಕೊಮ್ಮೆ ಗುರುತು ಹಾಕುವುದು. ಜಪಾನಿನ ರೈಲು ಚಾಲಕರು ಇಂದಿಗೂ ಉಚಿದಾ ಪರೀಕ್ಷೆಗೆ ಕೂರುತ್ತಾರೆ. ಇಂಡೋನೇಷ್ಯಾದಲ್ಲಿ ಉದ್ಯೋಗಕ್ಕೆ ಅರ್ಜಿ ಹಾಕುವವರು ಇದೇ ಜಾತಿಯ ಪರೀಕ್ಷೆಯನ್ನು ‘ಪತ್ರಿಕೆ ಪರೀಕ್ಷೆ’ ಎನ್ನುತ್ತಾರೆ. ಹಾಳೆ ದಿನಪತ್ರಿಕೆಯಷ್ಟು ಅಗಲ ಇರುವುದರಿಂದ.

ಈಗ ಮುಖ್ಯ ಪ್ರಶ್ನೆ. ಈ ಗೆರೆಯಿಂದ ಸಾಧನಾ ಪ್ರೇರಣೆ, ಅಂದರೆ ಏನನ್ನಾದರೂ ಚೆನ್ನಾಗಿ ಮಾಡಿ ಗೆಲ್ಲಬೇಕೆಂಬ ಒಳಗಿನ ಹಂಬಲ, ಅಳೆಯಲು ಬರುತ್ತದೆಯೇ?

ಕೇಳಿದರೆ ಸಾಲದೇ ಎನ್ನಬಹುದು. ಪ್ರಶ್ನಾವಳಿಗಳು ಹಾಗೇ ಮಾಡುತ್ತವೆ: ‘ಹಿಡಿದ ಕೆಲಸವನ್ನು ಮುಗಿಸುವವರೆಗೆ ಬಿಡುವುದಿಲ್ಲ. ಹೌದೋ ಅಲ್ಲವೋ?’ ಕೆಲಸಕ್ಕಾಗಿ ಸಂದರ್ಶನಕ್ಕೆ ಬಂದವರಲ್ಲಿ ‘ಅಲ್ಲ’ ಎನ್ನುವಷ್ಟು ಧೈರ್ಯ ಯಾರಿಗಿದೆ? ಪ್ರಾಮಾಣಿಕರಾಗಿದ್ದರೂ ನಮ್ಮ ಬಗ್ಗೆ ನಮಗಿರುವ ಕಲ್ಪನೆಯನ್ನು ಹೇಳುತ್ತೇವೆಯೇ ಹೊರತು ನಡವಳಿಕೆಯನ್ನಲ್ಲ.

ಈ ಕಾರಣಕ್ಕೇ ಅಮೆರಿಕದ ಮನೋವಿಜ್ಞಾನಿಗಳಾದ ಡೇವಿಡ್ ಮೆಕ್ಲೆಲಂಡ್ ಮತ್ತು ಜಾನ್ ಅಟ್ಕಿನ್ಸನ್ 1950ರ ದಶಕದಲ್ಲಿ ಇನ್ನೊಂದು ದಾರಿ ಹಿಡಿದರು. ಅಸ್ಪಷ್ಟ ಚಿತ್ರ ತೋರಿಸಿ ಕತೆ ಹೇಳಿಸುವುದು, ಕತೆಯಲ್ಲಿ ಗೆಲುವು, ಗುರಿ, ಪ್ರಯತ್ನದ ಮಾತು ಎಷ್ಟು ಸಲ ಬಂತು ಎಂದು ಎಣಿಸುವುದು. ಜಾಣ ಉಪಾಯ. ಆದರೆ ಒಬ್ಬರೇ ಮೊದಲ ಚಿತ್ರಕ್ಕೆ ಛಲದ ಕತೆ ಹೇಳಿ, ಎರಡನೆಯದಕ್ಕೆ ಮರದ ಕೆಳಗೆ ಮಲಗಿದವನ ಕತೆ ಹೇಳುತ್ತಿದ್ದರು. 1972ರಲ್ಲಿ ಡೋರಿಸ್ ಎಂಟ್ವಿಸಲ್ ಇಂಥ ಅಳತೆಗಳ ವಿಶ್ವಾಸಾರ್ಹತೆ ತೀರ ಕಡಿಮೆ ಎಂದು ತೋರಿಸಿದಾಗ ಆ ಕ್ಷೇತ್ರದಲ್ಲಿ ಸಾಕಷ್ಟು ಗದ್ದಲವಾಯಿತು.

ಹಾಗಾಗಿ ಮೂರನೆಯ ದಾರಿ: ಮಾತೂ ಬೇಡ, ಕತೆಯೂ ಬೇಡ, ಕೆಲಸ ಕೊಟ್ಟು ನೋಡೋಣ. ಆದರೆ ಕೆಲಸದಲ್ಲಿ ಏನನ್ನು ನೋಡಬೇಕು? ಒಟ್ಟು ಎಷ್ಟು ಮಾಡಿದರು ಎಂದು ನೋಡಿದರೆ ಪ್ರೇರಣೆಯ ಬದಲು ಸಾಮರ್ಥ್ಯ ಸಿಕ್ಕೀತು. ಕೂಡುವುದರಲ್ಲಿ ಚುರುಕಾದವರು ಅರೆಮನಸ್ಸಿನಲ್ಲೂ ಮುಂದಿರುತ್ತಾರೆ. ಸಾಮರ್ಥ್ಯ ಒಂದೇ ದಿನ, ಅರ್ಧ ಗಂಟೆಯೊಳಗೆ, ಏರಿ ಇಳಿಯುವ ವಸ್ತುವಲ್ಲ; ಪ್ರಯತ್ನ ಏರಿ ಇಳಿಯುತ್ತದೆ. ಆದ್ದರಿಂದ ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವ ಬದಲು, ಅದೇ ವ್ಯಕ್ತಿಯ ಐದನೇ ನಿಮಿಷವನ್ನು ಅವರದೇ ಆರನೇ ನಿಮಿಷದ ಜೊತೆ ಹೋಲಿಸಿದರೆ ಸಾಮರ್ಥ್ಯ ಬಹುಮಟ್ಟಿಗೆ ಪಕ್ಕಕ್ಕೆ ಸರಿದು ಪ್ರಯತ್ನದ ಏರಿಳಿತ ಉಳಿಯುತ್ತದೆ. ಸಾತತ್ಯದಿಂದ, ಅಂದರೆ ಕೆಲಸ ಎಷ್ಟು ಒಂದೇ ಸಮ ಸಾಗಿತು ಎಂಬುದರಿಂದ, ಪ್ರೇರಣೆ ಅಳೆಯುವ ವಿಚಾರದ ಜೀವಾಳ ಇಷ್ಟೇ.

ಒಂದು ಕಾಲ್ಪನಿಕ ಉದಾಹರಣೆ ಹಾಕಿಕೊಳ್ಳೋಣ. ಹತ್ತು ನಿಮಿಷ, ಇಬ್ಬರು.

ಒಬ್ಬಾತ ನಿಮಿಷಕ್ಕೆ ಮಾಡಿದ ಲೆಕ್ಕ: 62, 55, 51, 58, 43, 57, 39, 54, 46, 55.
ಒಬ್ಬಾಕೆ ಮಾಡಿದ್ದು: 54, 52, 51, 52, 50, 52, 51, 53, 52, 53.

ಕೂಡಿ ನೋಡಿ. ಇಬ್ಬರದೂ 520. ಸರಾಸರಿ ನಿಮಿಷಕ್ಕೆ 52. ಅಂಕಪಟ್ಟಿಯಲ್ಲಿ ಇಬ್ಬರೂ ಸಮ. ಆದರೆ ಮಾನಕ ವಿಚಲನೆ, ಅಂದರೆ ಸರಾಸರಿಯಿಂದ ಅತ್ತಿತ್ತ ಸರಿದಾಡುವ ಪ್ರಮಾಣ, ಆತನದು ಸುಮಾರು 6.9, ಆಕೆಯದು 1.1. ಆತನ ಅತ್ಯುತ್ತಮ ನಿಮಿಷ ಆಕೆಯ ಯಾವ ನಿಮಿಷಕ್ಕಿಂತಲೂ ಜೋರು. 62 ಮಾಡಬಲ್ಲವನು 39ಕ್ಕೆ ಬಂದು ನಿಂತ. ಕೈಗೆ ಬರುವುದಿಲ್ಲವೆಂದು ಹೇಳುವಂತಿಲ್ಲ, ಬಂದಿತ್ತಲ್ಲ.

ಇಲ್ಲಿ ಎರಡು ಎಚ್ಚರ ಬೇಕು. ಮೊದಲನೆಯದು: ವೇಗವಾಗಿ ಮಾಡುವವರಲ್ಲಿ ಏರಿಳಿತದ ಅಂಕಿ ತಾನಾಗಿಯೇ ದೊಡ್ಡದಾಗಿ ಕಾಣುತ್ತದೆ. ನಿಮಿಷಕ್ಕೆ 80 ಮಾಡುವವರಿಗೆ 5ರ ವ್ಯತ್ಯಾಸ ಏನೂ ಅಲ್ಲ, 20 ಮಾಡುವವರಿಗೆ ಅದು ದೊಡ್ಡದು. ಹಾಗಾಗಿ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿ ಶೇಕಡಾ ಲೆಕ್ಕಕ್ಕೆ ತರುತ್ತಾರೆ. ನಮ್ಮ ಉದಾಹರಣೆಯಲ್ಲಿ ಆತನದು ಶೇ. 13ರ ಆಸುಪಾಸು, ಆಕೆಯದು ಶೇ. 2.

ಎರಡನೆಯದನ್ನು ಎಷ್ಟೋ ಜನ ಮರೆಯುತ್ತಾರೆ. ಮೂರನೆಯ ವ್ಯಕ್ತಿಯೊಬ್ಬರನ್ನು ಊಹಿಸಿಕೊಳ್ಳಿ: 60, 58, 56, 54, 52, 50, 48, 46, 44, 42. ಇವರ ವಿಚಲನೆ 5.7, ಅಂಕಿ ಮಾತ್ರ ನೋಡಿದರೆ ಮೊದಲನೆಯಾತನ ಸಾಲಿಗೇ ಸೇರಿಸಿಬಿಡುತ್ತೇವೆ. ಗೆರೆ ಎಳೆದು ನೋಡಿದರೆ ಜಾರುಬಂಡೆಯಂತೆ ನುಣುಪಾಗಿದೆ. ಅದು ದಣಿವು, ಮನಸ್ಸು ಅತ್ತಿತ್ತ ಹಾರಿದ್ದಲ್ಲ. ಇವೆರಡನ್ನೂ ಬೇರ್ಪಡಿಸಲು ಸರಳ ಉಪಾಯ, ಪ್ರತಿ ನಿಮಿಷವನ್ನೂ ಅದರ ಹಿಂದಿನ ನಿಮಿಷದಿಂದ ಕಳೆದು ಏರಿತೋ ಇಳಿಯಿತೋ ಎಂಬುದನ್ನು ಬಿಟ್ಟು ಆ ವ್ಯತ್ಯಾಸಗಳ ಗಾತ್ರದ ಸರಾಸರಿ ತೆಗೆಯುವುದು. ದಣಿದವರಿಗೆ ಬರುವುದು 2. ಆಕೆಗೆ ಸುಮಾರು 1.4. ಆತನಿಗೆ ಸುಮಾರು 10.8. ಈಗ ಯಾರು ಯಾರ ಪಂಕ್ತಿಯಲ್ಲಿ ಕೂರಬೇಕೆಂಬುದು ಸರಿಯಾಯಿತು. ದಣಿವನ್ನೂ ಚಂಚಲತೆಯನ್ನೂ ಒಂದೇ ಬುಟ್ಟಿಗೆ ಹಾಕುವ ಅಳತೆ ಯಾವುದೇ ಇರಲಿ, ನಾನು ನಂಬಲಾರೆ.

ತಪ್ಪುಗಳನ್ನೂ ಎಣಿಸಬೇಕು, ಅದು ಹೇಳದೆಯೂ ತಿಳಿಯುವಂಥದ್ದು. ವೇಗ ಒಂದೇ ಸಮ ಇಟ್ಟುಕೊಂಡು ಕಾಟಾಚಾರಕ್ಕೆ ಏನೋ ಗೀಚುತ್ತಾ ಹೋದರೆ ಗೆರೆ ನೇರವಾಗಿಯೇ ಇರುತ್ತದೆ.

ನಿಮಿಷಕ್ಕಿಂತ ಚಿಕ್ಕ ಅಳತೆಗೆ ಇಳಿದರೆ ಇನ್ನೊಂದು ಸ್ವಾರಸ್ಯವಿದೆ. 1931ರಲ್ಲಿ ಆರ್ಥರ್ ಬಿಲ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ, ಬಣ್ಣಗಳ ಹೆಸರು ಹೇಳುತ್ತಾ ಹೋಗುವಂಥ ನಿರಂತರ ಕೆಲಸಗಳನ್ನು ಕೊಟ್ಟು, ಒಂದೊಂದು ಉತ್ತರಕ್ಕೆ ಎಷ್ಟು ಹೊತ್ತಾಯಿತೆಂದು ದಾಖಲಿಸಿದ. ಜನ ಸರಾಗವಾಗಿ ಹೋಗುತ್ತಿದ್ದವರು ಆಗಾಗ ಗಕ್ಕನೆ ನಿಲ್ಲುತ್ತಿದ್ದರು, ತಮಗೇ ಗೊತ್ತಿಲ್ಲದಂತೆ. ಸರಾಸರಿಯ ಎರಡು ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ತಗುಲಿದರೆ ಅದನ್ನು ‘ತಡೆ’ ಎಂದು ಆತ ಕರೆದ. ದಣಿದಂತೆಲ್ಲ ತಡೆಗಳು ಹೆಚ್ಚುತ್ತವೆ. ಬಸ್ಸು ಓಡುತ್ತಲೇ ಇದೆ, ನಡುನಡುವೆ ಗೇರ್ ಜಾರುತ್ತಿದೆ ಎನ್ನುವ ಹಾಗೆ. ಇಂದು ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡುವಾಗ ಪ್ರತಿ ಉತ್ತರದ ಮಿಲಿಸೆಕೆಂಡೂ ಸಿಗುತ್ತದೆ. ಸರಾಸರಿ ವೇಗಕ್ಕಿಂತ ಈ ನಿಧಾನದ ಉತ್ತರಗಳ ಗುಂಪೇ ಹೆಚ್ಚು ಮಾತಾಡುತ್ತದೆ.

ಆದರೆ ಏನು ಮಾತಾಡುತ್ತದೆ? ತಕರಾರು ಶುರುವಾಗುವುದು ಇಲ್ಲಿಂದ. ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದರೆ ತಡೆಗಳು ಹೆಚ್ಚುತ್ತವೆ. ಪ್ರತಿಕ್ರಿಯೆಯ ವೇಗದಲ್ಲಿನ ಏರಿಳಿತ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲಿಸಲು ಕಷ್ಟವಾಗುವ ಸ್ಥಿತಿ, ಇರುವವರಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಲಕ್ಷಣ. ಅವರಲ್ಲಿ ಹಂಬಲಕ್ಕೇನೂ ಕೊರತೆಯಿರಬೇಕಿಲ್ಲ. ಅಂಕುಡೊಂಕಾದ ಗೆರೆಯನ್ನು ನೋಡಿ ‘ಇವನಿಗೆ ಛಲವಿಲ್ಲ’ ಎಂದು ಷರಾ ಬರೆಯುವವರ ಬಗ್ಗೆ ನನಗೆ ಸಿಟ್ಟೇ ಬರುತ್ತದೆ. ಗೆರೆ ನಡುಗಿತು ಎಂಬುದು ಸತ್ಯ. ಏಕೆ ನಡುಗಿತು ಎಂಬುದು ಗೆರೆಯಲ್ಲಿ ಬರೆದಿಲ್ಲ.

ನೇರ ಗೆರೆಯೂ ಅಷ್ಟೇ ಅನುಮಾನಾಸ್ಪದ. ಆಕೆಯ 520ನ್ನು ಇನ್ನೊಮ್ಮೆ ನೋಡಿ. ಆಕೆ ತನ್ನ ಪೂರ್ತಿ ಶಕ್ತಿ ಹಾಕಿ 52ರಲ್ಲಿ ನಿಂತಳೋ, ಅಥವಾ 65 ಮಾಡಬಲ್ಲವಳು ಆರಾಮಾಗಿ 52ರಲ್ಲಿ ಸಾಗಿದಳೋ? ತನ್ನ ಮಿತಿಯ ತುದಿಯಲ್ಲಿ ಓಡುವವರ ಉಸಿರು ಏರುಪೇರಾಗುತ್ತದೆ. ವಾಕಿಂಗ್ ಹೊರಟವರದು ಒಂದೇ ಸಮ ಇರುತ್ತದೆ. ಇದನ್ನು ಹಿಡಿಯಲು ಕ್ರೇಪೆಲಿನ್ ಗುರುತಿಸಿದ ಕೊನೆಯ ಹುರುಪು ನೆರವಿಗೆ ಬರುತ್ತದೆ. ‘ಇನ್ನೊಂದೇ ನಿಮಿಷ’ ಎಂದು ತಿಳಿದಾಗ ಗೆರೆ ದಿಢೀರನೆ ಜಿಗಿದರೆ, ಅಷ್ಟು ಶಕ್ತಿ ಇದುವರೆಗೆ ಎಲ್ಲಿತ್ತು? ಗಂಟಿನಲ್ಲಿ ಉಳಿಸಿಕೊಂಡದ್ದೇ ತಾನೇ. ಜಾಣತನದಿಂದ ಹಂಚಿಕೊಂಡದ್ದೂ ಇರಬಹುದು, ಮೈಗಳ್ಳತನವೂ ಇರಬಹುದು. ಐದು ನಿಮಿಷದ ಬಿಡುವಿನ ನಂತರ ಗೆರೆ ಎಷ್ಟು ಮೇಲಕ್ಕೆ ಏರಿತು ಎಂಬುದನ್ನೂ ಪಕ್ಕದಲ್ಲಿಟ್ಟು ಓದಬೇಕು. ಉಚಿದಾ ಪದ್ಧತಿಯಲ್ಲಿ ಸಾಮಾನ್ಯವೆಂದು ಎಣಿಸುವುದು ನೇರ ಗೆರೆಯನ್ನಲ್ಲ. ಮೊದಲ ಅರ್ಧದಲ್ಲಿ ಶುರುವಿಗೆ ಎತ್ತರ, ನಡುವೆ ತಗ್ಗು, ಕೊನೆಗೆ ಸ್ವಲ್ಪ ಏರು. ಬಿಡುವಿನ ನಂತರ ಒಟ್ಟಾರೆ ಮೇಲೆ, ಆಮೇಲೆ ನಿಧಾನಕ್ಕೆ ಇಳಿತ. ಕೊಂಚ ನಡುಗುವ ಗೆರೆಯೇ ಅಲ್ಲಿ ಆರೋಗ್ಯದ ಗುರುತು. ಗೆರೆ ಸಪಾಟಾಗಿರಬೇಕೆಂದು ಉಪದೇಶಿಸುವ ತಯಾರಿ ಪುಸ್ತಕಗಳೂ ಆ್ಯಪ್‌ಗಳೂ ಬೇಕಾದಷ್ಟಿವೆ. ಓದಿಕೊಂಡು ಬಂದವರು ಮನಸ್ಸಿನಲ್ಲೇ ಎಣಿಸುತ್ತಾ 50ಕ್ಕೆ ನಿಲ್ಲಿಸುತ್ತಾರಂತೆ. ಆಗ ಅಳೆದದ್ದು ಏನನ್ನು?

ಇದಕ್ಕಿಂತ ಆಳದ ಆಕ್ಷೇಪ ಬರುವುದು ಸಾಧನಾ ಪ್ರೇರಣೆಯ ಸಿದ್ಧಾಂತದೊಳಗಿಂದಲೇ. ಅಟ್ಕಿನ್ಸನ್ 1957ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಗೆಲ್ಲುವ ಸಾಧ್ಯತೆ ಹೆಚ್ಚಿದಷ್ಟೂ ಗೆಲುವಿನ ರುಚಿ ಕಡಿಮೆ. ಸಾಧ್ಯತೆ, ರುಚಿ ಎರಡನ್ನೂ ಗುಣಿಸಿದರೆ ಗರಿಷ್ಠ ಬರುವುದು ನಟ್ಟನಡುವೆ, ಗೆಲುವು ಸೋಲು ಅರ್ಧರ್ಧ ಇರುವಲ್ಲಿ. ದೂರದ ಗೂಟಕ್ಕೆ ಬಳೆ ಎಸೆಯುವ ಆಟ ಕೊಟ್ಟಾಗ, ಸಾಧನೆಯ ಹಂಬಲ ಹೆಚ್ಚಿದ್ದವರು ಗೂಟದ ಪಕ್ಕದಲ್ಲೂ ನಿಲ್ಲಲಿಲ್ಲ, ಗೋಡೆಗೆ ಒರಗಿಯೂ ನಿಲ್ಲಲಿಲ್ಲ. ಮಧ್ಯದ ದೂರವನ್ನು ಆರಿಸಿಕೊಂಡರು. ಈ ಲೆಕ್ಕದಲ್ಲಿ ಏಳು ನಾಲ್ಕು ಹನ್ನೊಂದು ಎಂದು ಬರೆಯುವುದು ಗೂಟದ ಪಕ್ಕ ನಿಂತು ಬಳೆ ಇಳಿಬಿಟ್ಟಂತೆ. ಸವಾಲೇ ಇಲ್ಲದ ಕಡೆ ಸವಾಲಿನ ಹಸಿವು ಏಳುವುದಾದರೂ ಹೇಗೆ? ಅಪ್ಪಟ ಸಾಧಕ ಮನೋಭಾವದವರು ಏಳನೇ ನಿಮಿಷಕ್ಕೆ ಬೇಸತ್ತು ಕಿಟಕಿಯಾಚೆ ನೋಡುತ್ತಾ ಕೂತರೆ ನನಗೆ ಆಶ್ಚರ್ಯವಿಲ್ಲ.

ಅಟ್ಕಿನ್ಸನ್ ಅಷ್ಟಕ್ಕೇ ಬಿಡಲಿಲ್ಲ. 1970ರಲ್ಲಿ ಡೇವಿಡ್ ಬರ್ಚ್ ಜೊತೆ ಸೇರಿ, ಪ್ರೇರಣೆ ತಾನೇ ಅಲೆಯಂತೆ ಏಳುಬೀಳುವ ವಸ್ತು ಎಂದು ವಾದಿಸಿದರು. ಹಸಿವು ಉಂಡಂತೆ ತಗ್ಗುವ ಹಾಗೆ ಸಾಧನೆಯ ಹಂಬಲವೂ ತೃಪ್ತಿಯಾದಂತೆ ಕ್ಷಣಕಾಲ ತಗ್ಗುತ್ತದೆ, ಆ ಹೊತ್ತಿಗೆ ಬೇರೆ ಹಂಬಲ ತಲೆ ಎತ್ತುತ್ತದೆ, ಮತ್ತೆ ಇದು ಮರಳುತ್ತದೆ. ಚಿತ್ರ ನೋಡಿ ಹೇಳಿದ ಕತೆಗಳಲ್ಲಿ ಕಂಡ ಅಸಂಗತತೆಗೂ ಇದೇ ಅವರ ಸಮಜಾಯಿಷಿ. ವಾದ ನಿಜವಾದರೆ ನಮ್ಮ ಬುಡವೇ ಅಲುಗುತ್ತದೆ: ಏರಿಳಿತ ಪ್ರೇರಣೆಯ ಕೊರತೆಯೆಂದು ನಾವು ಓದುತ್ತಿದ್ದೇವೆ, ಅವರು ಅದನ್ನು ಪ್ರೇರಣೆಯ ಸಹಜ ನಡಿಗೆ ಎನ್ನುತ್ತಾರೆ.

ಹಾಗಾದರೆ ಈ ಅಳತೆಯನ್ನೆಲ್ಲ ಕಸದ ಬುಟ್ಟಿಗೆ ಹಾಕಬೇಕೇ? ನನ್ನ ಮಟ್ಟಿಗೆ ಇಲ್ಲ. ಹೆಸರು ಬದಲಿಸಿದರೆ ಸಾಕು. ಗೆರೆ ತೋರಿಸುವುದು ಗೆಲ್ಲುವ ಹಂಬಲವನ್ನಲ್ಲ, ಬೇಸರದ ಕೆಲಸವನ್ನೂ ಯಾರ ಒತ್ತಾಯವಿಲ್ಲದೆ ಕೈಬಿಡದೆ ಮಾಡುವ ಗುಣವನ್ನು. ಆ ಗುಣಕ್ಕೆ ಬೆಲೆಯಿದೆ ಎಂಬುದಕ್ಕೆ ಗಟ್ಟಿ ಪುರಾವೆ ಅನಿರೀಕ್ಷಿತ ಮೂಲೆಯಿಂದ ಬಂತು. ಅಮೆರಿಕದ ಸೈನ್ಯ ಸೇರುವವರಿಗೆ ಕೊಡುತ್ತಿದ್ದ ಪರೀಕ್ಷೆಗಳಲ್ಲಿ ಸಂಕೇತ ಹೊಂದಿಸುವ ಒಂದು ಭಾಗವಿತ್ತು: ಮೇಲೆ ಪದಗಳಿಗೆ ನಾಲ್ಕಂಕಿಯ ಸಂಖ್ಯೆ ಕೊಟ್ಟಿರುತ್ತಾರೆ, ಕೆಳಗೆ ಪದ ನೋಡಿ ಸಂಖ್ಯೆ ಆರಿಸಬೇಕು. ತಲೆ ಬೇಡದ ಕೆಲಸ, ಗಮನ ಬೇಕು ಅಷ್ಟೆ. ಸೈನ್ಯಕ್ಕೂ ತಮಗೂ ಸಂಬಂಧವಿಲ್ಲದ, ಸಮೀಕ್ಷೆಗಾಗಿ ಆಯ್ಕೆಯಾದ ಯುವಜನರಿಗೂ ಇದನ್ನು ಒಮ್ಮೆ ಕೊಟ್ಟಿದ್ದರು. ಅಂಕ ಹೆಚ್ಚು ಬಂದರೆ ಅವರಿಗೆ ಆಗಬೇಕಾದ್ದೇನೂ ಇರಲಿಲ್ಲ. ಕಾರ್ಮಿಟ್ ಸೆಗಲ್ ಎಂಬ ಅರ್ಥಶಾಸ್ತ್ರಜ್ಞೆ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಹಳೆಯ ಅಂಕಗಳನ್ನು ಅವರ ಮುಂದಿನ ಸಂಪಾದನೆಯ ಪಕ್ಕದಲ್ಲಿಟ್ಟು ನೋಡಿದರು. ಬುದ್ಧಿಶಕ್ತಿಯ ಪರೀಕ್ಷೆಗಳ ಅಂಕವನ್ನು ಗಣನೆಗೆ ತೆಗೆದುಕೊಂಡ ಮೇಲೂ ಈ ಸಂಕೇತ ಪರೀಕ್ಷೆಯ ಅಂಕ ಸಂಪಾದನೆಯ ಜೊತೆ ಹೆಜ್ಜೆ ಹಾಕುತ್ತಿತ್ತು. ಸೈನ್ಯ ಸೇರಬಯಸಿದ್ದವರು, ಓದು ಕಡಿಮೆಯಿದ್ದರೂ, ಈ ಭಾಗದಲ್ಲಿ ಸಮೀಕ್ಷೆಯ ಯುವಜನರನ್ನು ಹಿಂದೆ ಹಾಕಿದ್ದರು. ಅವರಿಗೆ ಅಂಕ ಬೇಕಿತ್ತಲ್ಲ. ಯಾರೂ ನೋಡದಾಗ, ಏನೂ ಸಿಗದಾಗ ಮಾಡಿದ ಕೆಲಸವೇ ಇಲ್ಲಿ ಸುಳಿವು ಕೊಟ್ಟದ್ದು.

ಪೀಸಾ ಎಂಬ ಅಂತರರಾಷ್ಟ್ರೀಯ ಶಾಲಾ ಪರೀಕ್ಷೆಯಲ್ಲೂ ಇಂಥದ್ದೇ ಒಂದು ಕಿಂಡಿ ಸಿಕ್ಕಿತು. ಅಲ್ಲಿ ಒಂದೇ ಪ್ರಶ್ನೆ ಒಬ್ಬರ ಪ್ರಶ್ನೆಪತ್ರಿಕೆಯಲ್ಲಿ ಮೊದಲಿಗೆ, ಇನ್ನೊಬ್ಬರದರಲ್ಲಿ ಕೊನೆಗೆ ಬರುತ್ತದೆ. ಅದೇ ಪ್ರಶ್ನೆಗೆ ಕೊನೆಯಲ್ಲಿ ಸರಿಯುತ್ತರ ಎಷ್ಟು ಕಡಿಮೆಯಾಯಿತು ಎಂದು ನೋಡಿದರೆ ಎರಡು ಗಂಟೆಯ ತಾಳಿಕೆಯ ಅಳತೆ ಸಿಗುತ್ತದೆ. ದೇಶದಿಂದ ದೇಶಕ್ಕೆ ಈ ಇಳಿತ ಬೇರೆ ಬೇರೆ. ಪರೀಕ್ಷೆ ಮಾಡಿದವರು ಅಳೆಯಲು ಹೊರಟದ್ದು ಓದು ಗಣಿತವನ್ನು. ಗೆರೆ ತಾನಾಗಿ ಬಂದು ಬಿದ್ದಿತು.

ಸಾಧನೆಯ ಹಂಬಲವನ್ನೇ ಅಳೆಯಬೇಕೆಂದರೆ ಕೆಲಸಕ್ಕೆ ಗುರಿಯನ್ನೂ ಫಲಿತಾಂಶದ ಅರಿವನ್ನೂ ಸೇರಿಸಬೇಕು. ಲೋಥರ್ ಶ್ಮಿಟ್-ಆಟ್ಸರ್ಟ್ ರೂಪಿಸಿದ ಕಂಪ್ಯೂಟರ್ ಪರೀಕ್ಷೆಯಲ್ಲಿ ಗುಂಡಿ ಒತ್ತುವುದಷ್ಟೇ ಕೆಲಸ, ಅದೂ ಸುಲಭವೇ. ಆದರೆ ಮೊದಲು ಸುಮ್ಮನೆ ಮಾಡಿಸುತ್ತಾರೆ. ಆಮೇಲೆ ನಿಮ್ಮ ಗುರಿಯನ್ನು ನೀವೇ ಹಾಕಿಕೊಳ್ಳಬೇಕು. ಕೊನೆಗೆ ಎದುರಾಳಿಯೊಬ್ಬ ಬರುತ್ತಾನೆ. ಅದೇ ಕೈ, ಅದೇ ಕೆಲಸ, ಸಂದರ್ಭ ಮಾತ್ರ ಬೇರೆ. ಮೊದಲ ಹಂತಕ್ಕಿಂತ ಮುಂದಿನ ಹಂತಗಳಲ್ಲಿ ಎಷ್ಟು ಹೆಚ್ಚಾಯಿತೋ ಅದು ಗುರಿಯಿಂದ ಅಥವಾ ಪೈಪೋಟಿಯಿಂದ ಎದ್ದ ಹುರುಪು. ಏಕಾಂಗಿಯಾಗಿ ನೇರ ಗೆರೆ ಎಳೆದವರು ಪೈಪೋಟಿಯಲ್ಲಿ ಮುದುಡಬಹುದು, ಏಕಾಂಗಿಯಾಗಿ ತೂಕಡಿಸಿದವರು ಎದುರಾಳಿ ಬಂದೊಡನೆ ಎದ್ದು ಕೂರಬಹುದು.

ಇಷ್ಟೆಲ್ಲ ಬರೆಯುವ ಮುಂಚೆ ನಾನೂ ಹಾಳೆಯೊಂದರಲ್ಲಿ ಅಂಕಿಗಳನ್ನು ಅಚ್ಚು ಹಾಕಿಕೊಂಡು, ಫೋನಿನಲ್ಲಿ ನಿಮಿಷಕ್ಕೊಂದು ಗಂಟೆ ಬಾರಿಸುವಂತೆ ಮಾಡಿ ಕೂತಿದ್ದೆ. ಮೊದಲ ಸಲ ಎಂಟನೇ ನಿಮಿಷದಲ್ಲಿ ಗೆರೆ ಗುಂಡಿಗೆ ಬಿದ್ದಂತೆ ಇಳಿದಿತ್ತು. ಕಾರಣ ನೆನಪಿದೆ: ಗೆರೆ ಹೇಗೆ ಬರುತ್ತಿರಬಹುದು ಎಂದು ಯೋಚಿಸುತ್ತಿದ್ದೆ. ಹದಿನೈದನೆಯದು ಚಿಮ್ಮಿತ್ತು, ಹದಿನಾಲ್ಕಕ್ಕಿಂತ ಒಂಬತ್ತು ಲೆಕ್ಕ ಹೆಚ್ಚು. ಮರುದಿನ ಮನೆಯವರ ಕೈಗೆ ಫೋನ್ ಕೊಟ್ಟು, ಯಾವಾಗ ಮುಗಿಯುತ್ತದೆಂದು ಹೇಳಬೇಡಿ, ಹತ್ತರಿಂದ ಇಪ್ಪತ್ತು ನಿಮಿಷದೊಳಗೆ ಎಲ್ಲಾದರೂ ನಿಲ್ಲಿಸಿ ಎಂದೆ. ಹದಿಮೂರಕ್ಕೆ ನಿಲ್ಲಿಸಿದರು. ಆ ಗೆರೆಗೆ ಕೊನೆಯ ಜಿಗಿತ ಇರಲಿಲ್ಲ. ಉಳಿಸಿಕೊಂಡಿದ್ದ ಒಂಬತ್ತು ಲೆಕ್ಕ ನನ್ನ ಬಳಿಯೇ ಉಳಿದಿದ್ದವು.